ಶುಗರ್ ಮಾತ್ರೆಯಿಂದ ಕಿವಿಯೊಳಗಿನ ಕೋಶಗಳು ಹಸಿದು ಸಾಯುತ್ತವಾ?

ಪ್ರಶ್ನೆ: ಡಾಕ್ಟರೇ, ನನಗೆ 54 ವರ್ಷ. ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. 11 ವರ್ಷದಿಂದ ಶುಗರ್ ಇದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಕಳೆದ ಸಲ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಪರೀಕ್ಷೆ) 8.6 ಬಂದಿತ್ತು. ಒಂದು ವರ್ಷದಿಂದ ಎರಡೂ ಕಿವಿಯಲ್ಲಿ ಜೀರುಂಡೆ ಕೂಗಿದ ಹಾಗೆ ಸದ್ದು. ರಾತ್ರಿ ಮಲಗಿದಾಗ ಜಾಸ್ತಿ. ಕ್ಲಾಸಿನಲ್ಲಿ ಮಕ್ಕಳು ಮಾತಾಡಿದ್ದು ಕೇಳುತ್ತದೆ, ಆದರೆ ಏನು ಹೇಳಿದರು ಅಂತ ತಿಳಿಯುವುದಿಲ್ಲ. ಎರಡು ತಿಂಗಳ ಹಿಂದೆ ಒಂದು ಸಂಜೆ ಊಟ ತಡವಾಗಿ ಶುಗರ್ 58ಕ್ಕೆ ಇಳಿದಿತ್ತು. ಆಗ ಕಿವಿ ಪೂರ್ತಿ ಕಟ್ಟಿಕೊಂಡ ಹಾಗಾಯಿತು. ಆಮೇಲೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. ಕಿವಿಯೊಳಗಿನ ಕೋಶಗಳಿಗೆ ರಕ್ತನಾಳವೇ ಇಲ್ಲ, ಅವು ಸಕ್ಕರೆಯಿಂದಲೇ ಬದುಕುತ್ತವೆ, ಶುಗರ್ ಮಾತ್ರೆ ನುಂಗಿದರೆ ಅವು ಹಸಿದು ಸಾಯುತ್ತವೆ, ದಿನಾ ಎರಡು ಚಮಚ ಜೇನುತುಪ್ಪ ತಿಂದರೆ ಉಳಿಯುತ್ತವೆ ಎಂದಿತ್ತು. ಹೆದರಿ ಎರಡು ವಾರದಿಂದ ಮಾತ್ರೆ ಅರ್ಧ ಮಾಡಿದ್ದೇನೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನೂ ಕಿವಿಗೆ ಬಿಡುತ್ತಿದ್ದೇನೆ. ಇನ್ನೊಂದು ವಿಷಯ. ನನ್ನ ತಂಗಿಯ ಮೊಮ್ಮಗುವಿಗೆ 14 ತಿಂಗಳು. ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಜೀನ್ ಪರೀಕ್ಷೆಯಲ್ಲಿ ಕನೆಕ್ಸಿನ್ 26 ದೋಷ ಅಂತ ಬಂದಿದೆ. ಅದೂ ಸಕ್ಕರೆ ಸಾಗಿಸುವ ದಾರಿಯದೇ ತೊಂದರೆಯಂತೆ. ಮಗುವಿಗೆ ಗ್ಲೂಕೋಸ್ ಕುಡಿಸಿದರೆ ಸರಿಹೋಗುತ್ತದಾ?

ಉತ್ತರ: ಮೊದಲು ಎರಡು ಕೆಲಸ ಮಾಡಿ. ಎಣ್ಣೆ ಬಿಡುವುದನ್ನು ಇವತ್ತೇ ನಿಲ್ಲಿಸಿ. ನಿಮ್ಮ ಶುಗರ್ ನೋಡುವ ವೈದ್ಯರಿಗೆ ಇವತ್ತೇ ಫೋನ್ ಮಾಡಿ, ಮಾತ್ರೆ ಅರ್ಧ ಮಾಡಿದ್ದನ್ನೂ ಆ 58ರ ಸಂಜೆಯನ್ನೂ ಎರಡನ್ನೂ ಹೇಳಿ. ಬೈಯುತ್ತಾರೆ ಅಂತ ಮುಚ್ಚಿಡಬೇಡಿ. ಉಳಿದದ್ದನ್ನು ಆರಾಮವಾಗಿ ಮಾತಾಡೋಣ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಪಾಠ ಹೇಳುವವರಿಗೆ ಕಿವಿ ಹೋದರೆ ಕೆಲಸವೇ ಹೋದಂತೆ. ಅದರ ಮೇಲೆ ಆ ಮೆಸೇಜ್ ಪೂರ್ತಿ ಸುಳ್ಳೂ ಅಲ್ಲ. ಮೊದಲ ಎರಡು ಮಾತು ಬಹುಮಟ್ಟಿಗೆ ನಿಜ. ಆಮೇಲಿನದೆಲ್ಲ ತಪ್ಪು. ಅರ್ಧ ನಿಜ ಇರುವುದರಿಂದಲೇ ಓದಿದವರೂ ಇಂಥದ್ದನ್ನು ನಂಬುತ್ತಾರೆ. ಹಾಗಾಗಿ ಆ ನಿಜದಿಂದಲೇ ಶುರು ಮಾಡುತ್ತೇನೆ.

ಒಳಕಿವಿಯಲ್ಲಿ ಕಾಕ್ಲಿಯಾ ಎಂಬ ಭಾಗ ಇದೆ. ಬಸವನಹುಳುವಿನ ಚಿಪ್ಪಿನ ಹಾಗೆ ಎರಡೂವರೆ ಸುತ್ತು ಸುತ್ತಿಕೊಂಡಿರುತ್ತದೆ. ಬಿಚ್ಚಿ ಉದ್ದ ಮಾಡಿದರೆ ಸುಮಾರು 35 ಮಿಲಿಮೀಟರ್. ಅದರೊಳಗೆ ಸದ್ದನ್ನು ಹಿಡಿಯುವ ಕೋಶಗಳು ಸಾಲಾಗಿ ನಿಂತಿವೆ. ತಲೆಯ ಮೇಲೆ ಸಣ್ಣ ಕೂದಲಿನಂಥ ಎಳೆಗಳು ಇರುವುದರಿಂದ ಅವನ್ನು ರೋಮಕೋಶ ಅನ್ನುತ್ತೇವೆ. ಒಂದು ಕಿವಿಯಲ್ಲಿ ಒಳಸಾಲಿನವು ಸುಮಾರು 3,500, ಹೊರಸಾಲಿನವು ಸುಮಾರು 12,000. ಒಳಸಾಲಿನವು ಮೆದುಳಿಗೆ ಸುದ್ದಿ ಕಳಿಸುತ್ತವೆ. ಹೊರಸಾಲಿನವು ಸದ್ದಿಗೆ ತಕ್ಕಂತೆ ತಾವೇ ಕುಗ್ಗಿ ಹಿಗ್ಗಿ, ಸಣ್ಣ ಸದ್ದನ್ನು ದೊಡ್ಡದು ಮಾಡಿಕೊಡುತ್ತವೆ. ಇವು ಒಮ್ಮೆ ಸತ್ತರೆ ನಮ್ಮಲ್ಲಿ ಮತ್ತೆ ಹುಟ್ಟುವುದಿಲ್ಲ. ಹಕ್ಕಿಗಳಲ್ಲಿ ಹುಟ್ಟುತ್ತವೆ, ಮನುಷ್ಯರಲ್ಲಿ ಇಲ್ಲ.

ಈ ರೋಮಕೋಶಗಳ ಪಕ್ಕದಲ್ಲಿ ರಕ್ತನಾಳ ಇಲ್ಲ ಎನ್ನುವುದು ನಿಜ. ಯಾಕೆ ಇಲ್ಲ? ನಮಗೆ ಕೇಳುವ ಅತಿ ಸಣ್ಣ ಸದ್ದಿಗೆ ಒಳಗಿನ ಪೊರೆ ಅಲುಗುವುದು ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಪಾಲಿಗಿಂತ ಕಡಿಮೆ. ಅಷ್ಟು ಸೂಕ್ಷ್ಮ ಜಾಗದಲ್ಲಿ ರಕ್ತ ಡಬ್ ಡಬ್ ಎಂದು ಹರಿಯುತ್ತಿದ್ದರೆ ನಮ್ಮ ನಾಡಿಯ ಸದ್ದೇ ಇಡೀ ದಿನ ಕೇಳುತ್ತಿತ್ತು. ಅದಕ್ಕೇ ರಕ್ತನಾಳಗಳು ದೂರ ಇವೆ ಎಂಬುದು ನಮ್ಮ ತಿಳಿವಳಿಕೆ. ಮದುವೆ ಛತ್ರದಲ್ಲಿ ಜನರೇಟರನ್ನು ಮಂಟಪದ ಪಕ್ಕ ಇಡುವುದಿಲ್ಲ, ಹಿಂದಿನ ಅಂಗಳದಲ್ಲಿ ಇಟ್ಟು ವೈರ್ ಎಳೆಯುತ್ತಾರೆ ಅಲ್ವಾ? ಕಿವಿಯಲ್ಲೂ ಹಾಗೇ.

ಆ ಜನರೇಟರಿನ ಹೆಸರು ಸ್ಟ್ರಯಾ ವ್ಯಾಸ್ಕುಲಾರಿಸ್. ಕಾಕ್ಲಿಯಾದ ಹೊರಗೋಡೆಗೆ ಅಂಟಿಕೊಂಡಿರುವ, ರಕ್ತನಾಳಗಳಿಂದ ತುಂಬಿದ ಒಂದು ಪಟ್ಟಿ. ಅದು ಸಕ್ಕರೆ, ಆಮ್ಲಜನಕ ಎರಡನ್ನೂ ಎಡೆಬಿಡದೆ ಬಳಸಿ, ರೋಮಕೋಶಗಳ ತಲೆ ಮುಳುಗಿರುವ ಎಂಡೋಲಿಂಫ್ ಎಂಬ ದ್ರವಕ್ಕೆ ಪೊಟ್ಯಾಸಿಯಂ ತುಂಬುತ್ತದೆ. ಇದರಿಂದ ಆ ದ್ರವದಲ್ಲಿ ಸುಮಾರು 80 ಮಿಲಿವೋಲ್ಟ್ ವಿದ್ಯುತ್ ಸದಾ ಇರುತ್ತದೆ. 1950ರ ದಶಕದಲ್ಲಿ ಇದನ್ನು ಅಳೆದು ತೋರಿಸಿದವರು ಗೆಯೋರ್ಗ್ ಫಾನ್ ಬೆಕೆಸಿ. ಕಾಕ್ಲಿಯಾದಲ್ಲಿ ಸದ್ದಿನ ಅಲೆ ಹೇಗೆ ಸಾಗುತ್ತದೆ ಎಂದು ಕಂಡುಹಿಡಿದುದಕ್ಕೆ 1961ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು. ಸದ್ದು ಬಂದಾಗ ರೋಮಕೋಶದ ತಲೆಯಲ್ಲಿ ಸಣ್ಣ ಬಾಗಿಲು ತೆರೆಯುತ್ತದೆ, ಪೊಟ್ಯಾಸಿಯಂ ತಾನಾಗಿ ಒಳಗೆ ಹರಿಯುತ್ತದೆ, ಬುಡದಿಂದ ತಾನಾಗಿ ಹೊರಗೂ ಹೋಗುತ್ತದೆ. ಅಂದರೆ ಕೇಳುವ ಕೆಲಸಕ್ಕೆ ಬೇಕಾದ ಶಕ್ತಿಯ ದೊಡ್ಡ ಪಾಲನ್ನು ರೋಮಕೋಶ ತಾನು ದುಡಿಯುವುದಿಲ್ಲ. ದೂರದ ಸ್ಟ್ರಯಾ ದುಡಿದು ಕೊಡುತ್ತದೆ. ಇಷ್ಟು ವರ್ಷ ಕಿವಿ ನೋಡಿದರೂ ಈ ಏರ್ಪಾಡು ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ.

ಆದರೂ ರೋಮಕೋಶಕ್ಕೆ ಬದುಕಲು ಒಂದಷ್ಟು ಸಕ್ಕರೆ ಬೇಕೇ ಬೇಕು. ಅದು ಎಲ್ಲಿಂದ ಬರುತ್ತದೆ? ತಲೆ ಮುಳುಗಿರುವ ಎಂಡೋಲಿಂಫ್‌ನಿಂದ ಅಲ್ಲ, ಅದರಲ್ಲಿ ಸಕ್ಕರೆ ತೀರಾ ಕಡಿಮೆ. ಮೈ ಮತ್ತು ಬುಡದ ಸುತ್ತ ಇರುವುದು ಪೆರಿಲಿಂಫ್‌ನಂಥ ಇನ್ನೊಂದು ದ್ರವ. ಅದರಲ್ಲಿ ರಕ್ತದಷ್ಟಲ್ಲದಿದ್ದರೂ ಸಾಕಷ್ಟು ಸಕ್ಕರೆ ಇದೆ. ರಕ್ತದಿಂದ ಈ ದ್ರವಕ್ಕೆ ಸಕ್ಕರೆ ಸುಮ್ನೆ ಸೋರುವುದಿಲ್ಲ. ಮೆದುಳಿಗೆ ಇರುವಂತೆ ಕಿವಿಗೂ ಒಂದು ಬಿಗಿಯಾದ ತಡೆ ಇದೆ. ಆ ತಡೆಯ ರಕ್ತನಾಳಗಳ ಗೋಡೆಯಲ್ಲಿ ಗ್ಲುಟ್-1 ಎಂಬ ಬಾಗಿಲುಗಳಿವೆ. ಗ್ಲೂಕೋಸ್ ಅವುಗಳ ಮೂಲಕವೇ ದಾಟಬೇಕು.

ಇನ್ನೊಂದು ದಾರಿಯೂ ಇದೆ. ಮನೆಗೆ ಮೋಲ್ಡ್ ಹಾಕುವ ದಿನ ನೆನಪಿಸಿಕೊಳ್ಳಿ. ಕಾಂಕ್ರೀಟ್ ಬಾಂಡ್ಲಿಯನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತಾ ಮೇಲಕ್ಕೆ ಮುಟ್ಟಿಸುತ್ತಾರೆ. ರೋಮಕೋಶಗಳ ಸುತ್ತ ಆಸರೆ ಕೋಶಗಳಿವೆ. ಅವು ಪರಸ್ಪರ ಕನೆಕ್ಸಿನ್ 26, ಕನೆಕ್ಸಿನ್ 30 ಎಂಬ ಪ್ರೋಟೀನಿನ ಸಣ್ಣ ಕೊಳವೆಗಳಿಂದ ಜೋಡಿಕೊಂಡಿವೆ. ಆ ಕೊಳವೆಗಳಲ್ಲಿ ಗ್ಲೂಕೋಸ್ ಕೋಶದಿಂದ ಕೋಶಕ್ಕೆ ದಾಟಿ ರೋಮಕೋಶದ ಪಕ್ಕದವರೆಗೆ ಬರುತ್ತದೆ. ಹೊಳೆಯುವ ಬಣ್ಣ ಕಟ್ಟಿದ ಗ್ಲೂಕೋಸಿನಂಥ ವಸ್ತುವನ್ನು ಇಲಿಯ ಕಾಕ್ಲಿಯಾದಲ್ಲಿ ಬಿಟ್ಟು, ಅದು ಹೀಗೆ ದಾಟುವುದನ್ನು 2008ರಲ್ಲಿ ವಿಜ್ಞಾನಿಗಳು ಕಣ್ಣಾರೆ ನೋಡಿದರು. ಕನೆಕ್ಸಿನ್ 30 ಇಲ್ಲದ ಇಲಿಗಳಲ್ಲಿ ಈ ಸಾಗಾಟ ಕುಂಟಿತ್ತು. ರೋಮಕೋಶಕ್ಕೆ ಮಾತ್ರ ಈ ಕೊಳವೆಯ ಜೋಡಣೆ ಇಲ್ಲ. ಪಕ್ಕದ ಕೋಶ ಬಾಗಿಲಿಗೆ ತಂದಿಟ್ಟದ್ದನ್ನು ಅದು ತಾನೇ ಒಳಗೆ ತೆಗೆದುಕೊಳ್ಳಬೇಕು.

ಈಗ ಮೆಸೇಜಿನ ತಪ್ಪಿಗೆ ಬರೋಣ. ಗ್ಲುಟ್-1 ಬಾಗಿಲಿಗೆ ಇನ್ಸುಲಿನ್ ಬಂದು ತೆಗೆಯಬೇಕು ಎಂಬುದಿಲ್ಲ. ಮಾಂಸಖಂಡ, ಕೊಬ್ಬಿನ ಕೋಶಗಳಿಗೆ ಇನ್ಸುಲಿನ್ನಿನ ಅಪ್ಪಣೆ ಬೇಕು. ಈ ಬಾಗಿಲು ಹಾಗಲ್ಲ, ಸದಾ ತೆರೆದೇ ಇರುತ್ತದೆ. ರಕ್ತದಲ್ಲಿ ಸಕ್ಕರೆ ಸಾಧಾರಣ ಮಟ್ಟದಲ್ಲಿದ್ದರೂ ಅದಕ್ಕೆ ಬೇಕಾದಷ್ಟು ಸಿಗುತ್ತದೆ. ಹಾಗಾಗಿ ಶುಗರ್ 250ರಿಂದ 130ಕ್ಕೆ ಇಳಿದರೆ ಕಿವಿ ಹಸಿಯುವುದಿಲ್ಲ. ತಿರುಗಿಸಿ ನೋಡಿ, ಅಪಾಯ ಇನ್ನೊಂದು ಕಡೆ ಇದೆ. ರಕ್ತದಲ್ಲಿ ಸಕ್ಕರೆ ವಿಪರೀತ ಆದಾಗ ಬಾಗಿಲು ಮುಚ್ಚಿಕೊಳ್ಳಲು ಇಂಥ ಕೋಶಗಳಿಗೆ ಬರುವುದಿಲ್ಲ. ಶುಗರ್ ಕಾಯಿಲೆ ಮೊದಲು ಹೊಡೆಯುವುದು ಕಣ್ಣಿನ ರೆಟಿನಾ, ಕಿಡ್ನಿ, ಕಾಲಿನ ನರ ಯಾಕೆ ಎಂದು ಯೋಚಿಸಿದ್ದೀರಾ? ಅವುಗಳ ಕೋಶಗಳೂ ಹೀಗೇ ಇನ್ಸುಲಿನ್ ಕೇಳದೆ ಸಕ್ಕರೆ ಒಳಗೆ ಬಿಡುತ್ತವೆ. ಕಿವಿಯ ಸಣ್ಣ ರಕ್ತನಾಳಗಳನ್ನೂ ನಾನು ಅದೇ ಸಾಲಿನಲ್ಲಿ ಇಡುತ್ತೇನೆ.

ಬಹುಕಾಲ ಶುಗರ್ ಇದ್ದು ತೀರಿಕೊಂಡವರ ಒಳಕಿವಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಸ್ಟ್ರಯಾದ ರಕ್ತನಾಳಗಳ ಗೋಡೆ ದಪ್ಪವಾಗಿತ್ತು, ಸ್ಟ್ರಯಾ ಸೊರಗಿತ್ತು, ಹೊರಸಾಲಿನ ರೋಮಕೋಶಗಳು ಕಡಿಮೆಯಾಗಿದ್ದವು. ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಅದನ್ನು ತರುವ ದಾರಿ, ಶಕ್ತಿ ಮಾಡುವ ಜನರೇಟರ್ ಎರಡೂ ಕೆಡುತ್ತಾ ಬರುತ್ತವೆ. ಅದರ ಮೇಲೆ ಒಳಕಿವಿಗೆ ಬರುವ ರಕ್ತನಾಳ ಒಂದೇ. ಅದು ಕಟ್ಟಿದರೆ ಪಕ್ಕದಿಂದ ರಕ್ತ ಕೊಡಲು ಬೇರೆ ನಾಳ ಇಲ್ಲ. ಹಾಗಾಗಿ ಜೇನುತುಪ್ಪದಿಂದ ಸಕ್ಕರೆ ಏರಿಸಿದರೆ ನೀವು ಕಾಪಾಡಬೇಕೆಂದುಕೊಂಡ ಜಾಗಕ್ಕೇ ಪೆಟ್ಟು ಬೀಳುತ್ತದೆ.

ಜೇನುತುಪ್ಪದ ಮಾತು ಎಲ್ಲಿಂದ ಬಂತು ಎಂಬುದನ್ನು ನಾನು ಊಹಿಸಬಲ್ಲೆ. ಹೊರಸಾಲಿನ ಕೋಶಗಳ ಗೋಡೆಯಲ್ಲಿ ಫ್ರಕ್ಟೋಸ್ ಎಂಬ ಹಣ್ಣಿನ ಸಕ್ಕರೆಯನ್ನು ಸಾಗಿಸುವ ಗ್ಲುಟ್-5 ಎಂಬ ಬಾಗಿಲಿದೆ ಎಂದು 1990ರ ದಶಕದಲ್ಲಿ ಕೆಲವು ಪ್ರಯೋಗಗಳು ಹೇಳಿದವು. 1999ರಲ್ಲಿ, ಕೋಶವನ್ನು ಕುಗ್ಗಿಸಿ ಹಿಗ್ಗಿಸುವ ಯಂತ್ರವೇ ಅದಿರಬಹುದು ಎಂಬ ಊಹೆಯೂ ಬಂತು. ಮರುವರ್ಷವೇ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಡಾಲೋಸ್ ಅವರ ತಂಡ ಆ ಕೆಲಸ ಮಾಡುವುದು ಪ್ರೆಸ್ಟಿನ್ ಎಂಬ ಬೇರೆಯೇ ಪ್ರೋಟೀನ್ ಎಂದು ತೋರಿಸಿತು. 2008ರಲ್ಲಿ ಇಲಿಗಳಲ್ಲಿ ಮತ್ತೆ ಹುಡುಕಿದಾಗ ಆ ಕೋಶಗಳಲ್ಲಿ ಗ್ಲುಟ್-5 ಸಿಗಲೇ ಇಲ್ಲ. ಹಳೆಯ ಊಹೆ ಮಾತ್ರ ಜನರ ನಡುವೆ ಉಳಿದಿರಬೇಕು. ಜೇನುತುಪ್ಪದಲ್ಲಿ ಫ್ರಕ್ಟೋಸ್ ಜಾಸ್ತಿ ಇದೆ, ನಿಜ. ಜತೆಗೆ ಗ್ಲೂಕೋಸೂ ಧಾರಾಳ ಇದೆ. ನಿಮ್ಮ ಮಟ್ಟಿಗೆ ಅದು ಸಕ್ಕರೆಯೇ.

ಹಾಗಾದರೆ 58ಕ್ಕೆ ಇಳಿದ ಸಂಜೆ ಕಿವಿ ಕಟ್ಟಿದ್ದು ಯಾಕೆ? ಅದು ನಿಜವಾದ ಅನುಭವ, ನಿಮ್ಮ ಭ್ರಮೆ ಅಲ್ಲ. ಸಕ್ಕರೆ ಅಷ್ಟು ಇಳಿದಾಗ ಮೊದಲು ತೊಂದರೆ ಆಗುವುದು ಮೆದುಳಿಗೆ. ಬೆವರು, ಕೈ ನಡುಕ, ಎದೆ ಬಡಿತ, ಮಂಕು ಬರುತ್ತದೆ. ಕಿವಿ ಕಟ್ಟಿದಂತಾಗುವುದು, ಮೊರೆತ ಏರುವುದನ್ನು ಕೆಲವರು ಹೇಳುತ್ತಾರೆ. ಸಕ್ಕರೆ ಸರಿಯಾದ ಮೇಲೆ ಅದು ಸಾಮಾನ್ಯವಾಗಿ ಹೋಗುತ್ತದೆ. ಆಗ 3 ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಪುಡಿಯನ್ನು ನೀರಿಗೆ ಹಾಕಿ ಕುಡಿಯಬೇಕು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು, ಆಮೇಲೆ ಊಟ ಮಾಡಬೇಕು. ಸಕ್ಕರೆ ಔಷಧವಾಗುವುದು ಆ ಹೊತ್ತಿನಲ್ಲಿ ಮಾತ್ರ. ಅಂದಹಾಗೆ ಹೀಗೆ ಇಳಿಸುವುದು ಹೆಚ್ಚಾಗಿ ಗ್ಲಿಮೆಪಿರೈಡ್. ಮೆಟ್‌ಫಾರ್ಮಿನ್ ಒಂದೇ ಆದರೆ ಹಾಗಾಗುವುದು ಅಪರೂಪ. ಊಟದ ಹೊತ್ತು ಏರುಪೇರಾಗುವ ನಿಮ್ಮಂಥವರಿಗೆ ಬೇರೆ ಮಾತ್ರೆ ಸರಿಯಾದೀತಾ ಎಂದು ವೈದ್ಯರನ್ನು ಕೇಳುವುದು ನ್ಯಾಯವೇ. ನೀವೇ ಅರ್ಧ ಮಾಡಿಕೊಳ್ಳುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸ ಇದೆ.

ನಿಮ್ಮ ಕಿವಿಗೆ ಏನಾಗಿರಬಹುದು? ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ ಎಂದಿದ್ದೀರಿ. ಇದು ಮೇಲಿನ ಸ್ವರದ ಕೇಳಿಕೆ ಇಳಿದಾಗ ಬರುವ ದೂರು. ಕಾಕ್ಲಿಯಾದ ಬುಡದ ಸುತ್ತು ಮೇಲಿನ ಸ್ವರಗಳದ್ದು, ಮೊದಲು ಸವೆಯುವುದೂ ಅದೇ. ಸ, ಶ, ತ, ಕ ಇಂಥ ಅಕ್ಷರಗಳ ಗುರುತು ಆ ಸ್ವರಗಳಲ್ಲಿದೆ. ಕಪ್ಪು, ತಪ್ಪು ಒಂದೇ ಆಗುತ್ತದೆ. ಸಾಲು ಯಾವುದು, ಶಾಲು ಯಾವುದು ತಿಳಿಯುವುದಿಲ್ಲ. ಮಕ್ಕಳ ದನಿ ಮೊದಲೇ ತೆಳು, ಕ್ಲಾಸ್‌ರೂಮಿನ ಗದ್ದಲ ಬೇರೆ.

ಶುಗರೇ ಇದಕ್ಕೆ ಕಾರಣ ಎಂದು ಪತ್ರ ಓದಿ ಹೇಳಲು ಆಗುವುದಿಲ್ಲ. ವಯಸ್ಸು, ಹಳೆಯ ಗದ್ದಲ, ಮನೆತನ ಎಲ್ಲವೂ ಸೇರಿರುತ್ತವೆ. ಆದರೆ ಸಂಬಂಧ ಗಟ್ಟಿಯಾಗಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ 20ರಿಂದ 69 ವರ್ಷದವರ ಕಿವಿ ಪರೀಕ್ಷಿಸಿದ್ದನ್ನು 2008ರಲ್ಲಿ ಪ್ರಕಟಿಸಿದರು. ಕೆಳಗಿನ ಮತ್ತು ನಡುವಿನ ಸ್ವರಗಳಲ್ಲಿ ಕೇಳಿಕೆ ಕುಂದಿದ್ದು ಶುಗರ್ ಇದ್ದವರಲ್ಲಿ ಶೇಕಡಾ 21, ಇಲ್ಲದವರಲ್ಲಿ 9. ಮೇಲಿನ ಸ್ವರಗಳಲ್ಲಿ ಶೇಕಡಾ 54 ಮತ್ತು 32. ಶುಗರ್ ಇದ್ದವರು ವರ್ಷಕ್ಕೊಮ್ಮೆ ಕಣ್ಣು ತೋರಿಸುತ್ತಾರೆ, ಕಾಲು ತೋರಿಸುತ್ತಾರೆ. ಕಿವಿ ತೋರಿಸಿ ಎಂದು ಅವರಿಗೆ ಯಾರೂ ಹೇಳುವುದಿಲ್ಲ ಎಂಬುದು ನನ್ನ ಹಳೆಯ ಸಂಕಟ.

ಹಾಗಾಗಿ ಮೊದಲು ಪರೀಕ್ಷೆ. ಕಿವಿಯೊಳಗೆ ಕುಗ್ಗೆ ಅಥವಾ ಎಣ್ಣೆಯ ಜಿಡ್ಡು ಕಟ್ಟಿದೆಯಾ ಎಂದು ಕಿವಿ ಮೂಗು ಗಂಟಲು ವೈದ್ಯರು ನೋಡಲಿ. ಆಮೇಲೆ ಕೇಳಿಕೆ ಅಳೆಯುವ ತಜ್ಞರಾದ ಆಡಿಯಾಲಜಿಸ್ಟ್ ಹತ್ತಿರ ಪ್ಯೂರ್ ಟೋನ್ ಆಡಿಯೋಗ್ರಾಂ, ಅಂದರೆ ಯಾವ ಸ್ವರ ಎಷ್ಟು ಸಣ್ಣಗಿದ್ದರೂ ಕೇಳುತ್ತದೆ ಎಂದು ಅಳೆಯುವ ಪರೀಕ್ಷೆ, ಮತ್ತು ಮಾತು ಗುರುತಿಸುವ ಪರೀಕ್ಷೆ. ಒಎಇ ಎಂಬ ಇನ್ನೊಂದು ಪರೀಕ್ಷೆ ಇದೆ, ಅದು ಹೊರಸಾಲಿನ ರೋಮಕೋಶಗಳು ಕೆಲಸ ಮಾಡುತ್ತಿವೆಯಾ ಎಂದು ತಿಳಿಸುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಇವೆಲ್ಲ ಒಂದೇ ಕಡೆ ಆಗುತ್ತವೆ. ಮೆಟ್‌ಫಾರ್ಮಿನ್ ಹಲವು ವರ್ಷ ತೆಗೆದುಕೊಂಡವರಲ್ಲಿ ವಿಟಮಿನ್ ಬಿ12 ಕಡಿಮೆಯಾಗುವುದುಂಟು. ಅದನ್ನೂ ಒಮ್ಮೆ ನೋಡಿಸಿ. ಕಡಿಮೆ ಇದ್ದರೆ ನರಗಳ ಸಲುವಾಗಿ ತುಂಬಿಸಬೇಕು, ಕಿವಿಯ ಮೊರೆತ ಅದರಿಂದಲೇ ನಿಲ್ಲುತ್ತದೆ ಎಂದು ಮಾತ್ರ ಭರವಸೆ ಕೊಡಲಾರೆ.

ನಿಮ್ಮ ಮುಂದಿರುವ ದಾರಿಗಳು ಯಾವುವು? ಶುಗರ್ ಹಿಡಿತಕ್ಕೆ ತಂದರೆ ಹೋದ ಕೋಶ ಮರಳುವುದಿಲ್ಲ. ಉಳಿದದ್ದು ಬೇಗ ಹಾಳಾಗದಂತೆ ತಡೆಯಬಹುದು, ಅಷ್ಟೇ. ಬಿಪಿ, ಕೊಲೆಸ್ಟರಾಲ್ ಕೂಡ ಅದೇ ಲೆಕ್ಕ, ಅವೂ ಸಣ್ಣ ರಕ್ತನಾಳದ ವಿಷಯವೇ. ಆದರೆ ಒಂದೇ ಸಲಕ್ಕೆ ಗಡಿಬಿಡಿಯಲ್ಲಿ ಇಳಿಸಲು ಹೋಗಿ ಮತ್ತೆ 58 ಆಗಬಾರದು. ಕೇಳಿಕೆ ಕುಂದಿರುವುದು ಖಚಿತವಾದರೆ ಶ್ರವಣ ಸಾಧನ ಹಾಕಿಕೊಳ್ಳಿ ಎಂಬುದು ನನ್ನ ಸಲಹೆ. ಮೊರೆತಕ್ಕೂ ಅದು ಎಷ್ಟೋ ಜನಕ್ಕೆ ನೆರವಾಗುತ್ತದೆ, ಹೊರಗಿನ ಸದ್ದು ತುಂಬಿದಾಗ ಒಳಗಿನದು ಹಿಂದೆ ಸರಿಯುತ್ತದೆ. ಇನ್ನೂ ಸ್ವಲ್ಪ ವರ್ಷ ನೋಡೋಣ ಎಂದು ಮುಂದೂಡಿದವರಿಗೆ ಆಮೇಲೆ ಅಭ್ಯಾಸವಾಗುವುದು ಕಷ್ಟ. ಸಾಧನದಿಂದಲೂ ನಿಮಗೆ ಒಂದು ಅಪಾಯ ಇದೆ. ಶುಗರ್ ಇದ್ದವರಿಗೆ ಕಿವಿಯೊಳಗೆ ಕೂರುವ ಅದರ ಅಚ್ಚು ಒತ್ತಿ ಹುಣ್ಣಾದರೆ ಬೇಗ ಮಾಗುವುದಿಲ್ಲ. ಅಳತೆ ಸರಿ ಮಾಡಿಸಿ, ದಿನಾ ಒರೆಸಿ, ರಾತ್ರಿ ತೆಗೆದಿಡಿ.

ಮೊರೆತಕ್ಕೆ ಎಂದು ಮಾರುವ ಗಿಂಕ್ಗೊ, ಝಿಂಕ್ ಮಾತ್ರೆಗಳಿಗೆ ದುಡ್ಡು ಹಾಕಬೇಡಿ. ರಾತ್ರಿ ಫ್ಯಾನ್ ಸದ್ದು ಅಥವಾ ಸಣ್ಣಗೆ ರೇಡಿಯೋ ಇಟ್ಟುಕೊಳ್ಳಿ. ನಿದ್ದೆ, ಮನಸ್ಸು ತೀರಾ ಕೆಟ್ಟರೆ ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಇದೆ. ಸದ್ದು ನಿಲ್ಲಿಸುವುದಿಲ್ಲ, ಅದರ ಕಾಟ ಕಡಿಮೆ ಮಾಡುತ್ತದೆ. ಯಾವುದೇ ಕಾಯಿಲೆಗೆ ಜೆಂಟಾಮೈಸಿನ್, ಅಮಿಕಾಸಿನ್ ಇಂಜೆಕ್ಷನ್ ಬರೆಯುವ ಮುಂಚೆ ಕಿವಿ ಕುಂದಿರುವುದನ್ನು ವೈದ್ಯರಿಗೆ ತಿಳಿಸಿ. ಅವು ನೇರವಾಗಿ ರೋಮಕೋಶಗಳನ್ನು ಕೊಲ್ಲಬಲ್ಲವು.

ಒಂದು ದಿನ ಇದ್ದಕ್ಕಿದ್ದಂತೆ ಒಂದು ಕಿವಿ ಕೇಳದೆ ಹೋದರೆ ಅದು ತುರ್ತು. ಮೂರು ದಿನದೊಳಗೆ ಹೀಗೆ ಕೇಳಿಕೆ ಬಿದ್ದರೆ ಸ್ಟೀರಾಯ್ಡ್ ಕೊಡುತ್ತೇವೆ. ಮೊದಲ ಎರಡು ವಾರದಲ್ಲಿ ಕೊಟ್ಟರೆ ಫಲ ಹೆಚ್ಚು. ಸ್ಟೀರಾಯ್ಡ್ ಮಾತ್ರೆ ಶುಗರನ್ನು ಜೋರಾಗಿ ಏರಿಸುತ್ತದೆ, ಆ ಭಯಕ್ಕೆ ಸುಮ್ಮನೆ ಕೂರುವವರಿದ್ದಾರೆ. ಕೂರಬೇಡಿ. ಕಿವಿಯ ತಮಟೆಯ ಮೂಲಕ ನಡುಕಿವಿಗೇ ಇಂಜೆಕ್ಷನ್ ಕೊಡುವ ದಾರಿ ಇದೆ, ಅದರಿಂದ ರಕ್ತದ ಸಕ್ಕರೆ ಅಷ್ಟಾಗಿ ಏರುವುದಿಲ್ಲ.

ಎಣ್ಣೆ ಬೇಡ ಎಂದಿದ್ದಕ್ಕೆ ಕಾರಣ ಹೇಳಬೇಕು. ಒಳಕಿವಿಗೆ ಅದು ತಲುಪುವುದೇ ಇಲ್ಲ, ತಮಟೆ ಅಡ್ಡ ಇದೆ. ಹೊರನಾಳದ ಚರ್ಮ ಸುಟ್ಟರೆ, ನೆನೆದು ಸಡಿಲಾದರೆ, ಕಡ್ಡಿ ಹಾಕಿ ಕೆರೆದರೆ ಸೋಂಕು ಹತ್ತುತ್ತದೆ. ಶುಗರ್ ಇದ್ದವರಲ್ಲಿ ಅದು ಸ್ಯೂಡೋಮೊನಾಸ್ ಎಂಬ ಕೀಟಾಣುವಿಂದ ಮೂಳೆಗೆ ಇಳಿಯಬಹುದು. ಕಿವಿನೋವಿಗೆ ಮನೆಮದ್ದು ಮಾಡಿಕೊಂಡು, ಮುಖದ ನರ ಬಿದ್ದು ಬಾಯಿ ಸೊಟ್ಟಗಾದ ಮೇಲೆ ಬಂದವರನ್ನು ನೋಡಿದ್ದೇನೆ. ವಾರಗಟ್ಟಲೆ ಆಂಟಿಬಯೋಟಿಕ್ ಬೇಕಾಗುತ್ತದೆ. ನಿದ್ದೆ ಕೆಡಿಸುವಂಥ ಕಿವಿನೋವು, ಸೋರುವಿಕೆ ಬಂದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ.

ಇನ್ನು ನಿಮ್ಮ ತಂಗಿಯ ಮೊಮ್ಮಗು. ಕನೆಕ್ಸಿನ್ 26 ಎಂದರೆ ನಾನು ಮೇಲೆ ಹೇಳಿದ, ಬಾಂಡ್ಲಿ ದಾಟಿಸುವ ಸಾಲಿನ ಕೊಳವೆಯೇ. ಇದಕ್ಕೂ ಹುಟ್ಟು ಕಿವುಡಿಗೂ ನಂಟಿದೆ ಎಂದು 1997ರಲ್ಲಿ ತಿಳಿಯಿತು. ಭಾರತದಲ್ಲಿ ಈ ಜೀನಿನಲ್ಲಿ ಹೆಚ್ಚಾಗಿ ಸಿಗುವ ದೋಷ ಡಬ್ಲ್ಯೂ24ಎಕ್ಸ್. ಅಪ್ಪ ಅಮ್ಮ ಇಬ್ಬರಿಂದಲೂ ದೋಷ ಬಂದರೆ ಮಗುವಿಗೆ ಕೇಳಿಸುವುದಿಲ್ಲ, ಅವರಿಬ್ಬರಿಗೂ ಕಿವಿ ಚೆನ್ನಾಗಿಯೇ ಕೇಳುತ್ತಿರುತ್ತದೆ. ನಮ್ಮಲ್ಲಿ ಸೋದರಮಾವ, ಅತ್ತೆ ಮಗ ಎಂದು ಹತ್ತಿರದಲ್ಲೇ ಮದುವೆ ಮಾಡುವುದರಿಂದ ಒಂದೇ ದೋಷ ಎರಡೂ ಕಡೆ ಇರುವ ಸಾಧ್ಯತೆ ಹೆಚ್ಚು. ಇದು ಯಾರ ಪಾಪವೂ ಅಲ್ಲ. ಬಸುರಿಯಲ್ಲಿ ತಾಯಿ ಏನೋ ತಿಂದದ್ದರಿಂದಲೂ ಅಲ್ಲ. ಆ ತಾಯಿಗೆ ಇದನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕು. ಮುಂದಿನ ಮಗುವಿನ ಯೋಚನೆ ಇದ್ದರೆ ಜೆನೆಟಿಕ್ ಕೌನ್ಸೆಲಿಂಗ್ ಮಾಡಿಸಲಿ.

ಗ್ಲೂಕೋಸ್ ಕುಡಿಸಿದರೆ ಉಪಯೋಗ ಇಲ್ಲ. ರಕ್ತದಲ್ಲಿ ಸಕ್ಕರೆ ಈಗಲೂ ಸಾಕಷ್ಟಿದೆ. ಕೆಟ್ಟಿರುವುದು ಕೋಶಗಳ ನಡುವಿನ ಜೋಡಣೆ. ಈ ಕೊಳವೆಗಳು ಸಕ್ಕರೆಯೊಂದನ್ನೇ ಸಾಗಿಸುವುದೂ ಇಲ್ಲ. ಪೊಟ್ಯಾಸಿಯಂ, ಸಂಕೇತದ ಅಣುಗಳು ಕೂಡ ಅಲ್ಲೇ ದಾಟುತ್ತವೆ. ಕಾಕ್ಲಿಯಾ ಸರಿಯಾಗಿ ಬೆಳೆಯಲೂ ಅವು ಬೇಕು. ಆದರೆ ಈ ದೋಷದಲ್ಲಿ ಕಿವಿಯ ನರ ಸಾಮಾನ್ಯವಾಗಿ ಚೆನ್ನಾಗಿರುತ್ತದೆ. ಹಾಗಾಗಿ ಆಪರೇಷನ್ ಮಾಡಿ ಒಳಕಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಎಂಬ ಸಾಧನ ಈ ಮಕ್ಕಳಿಗೆ ಒಳ್ಳೆಯ ಫಲ ಕೊಡುತ್ತದೆ. ಅದು ರೋಮಕೋಶಗಳನ್ನು ಬಿಟ್ಟು ನೇರ ನರಕ್ಕೆ ವಿದ್ಯುತ್ ಸಂಕೇತ ಮುಟ್ಟಿಸುತ್ತದೆ. ಆಪರೇಷನ್ ಎಂದ ಮೇಲೆ ಸೋಂಕು, ಮುಖದ ನರಕ್ಕೆ ಪೆಟ್ಟು ಇಂಥ ಅಪಾಯಗಳು ಅಪರೂಪಕ್ಕೆ ಇವೆ. ಮೆನಿಂಜೈಟಿಸ್ ಎಂಬ ಮೆದುಳು ಪೊರೆಯ ಸೋಂಕು ತಡೆಯಲು ಮುಂಚೆಯೇ ಲಸಿಕೆ ಹಾಕಿಸಬೇಕು. ಆಮೇಲೆ ವರ್ಷಗಟ್ಟಲೆ ಮಾತಿನ ತರಬೇತಿ ಬೇಕು, ಮನೆಯವರ ದುಡಿಮೆ ಇರುವುದು ಅಲ್ಲಿ. ಮಾತು ಕಲಿಯುವ ಮೆದುಳು ಹೆಚ್ಚು ದಿನ ಕಾಯುವುದಿಲ್ಲ. ಸರ್ಕಾರಿ ನೆರವಿಗೂ ವಯಸ್ಸಿನ ಮಿತಿ ಇದೆ. 14 ತಿಂಗಳು ಎಂದಿದ್ದೀರಿ, ಇದು ಸರಿಯಾದ ಹೊತ್ತು. ಜೀನ್ ಪರೀಕ್ಷೆಯ ಕಾಗದ, ಹಿಂದೆ ಮಾಡಿಸಿದ ಕಿವಿ ಪರೀಕ್ಷೆಗಳ ಕಾಗದ ಎಲ್ಲ ಹಿಡಿದುಕೊಂಡು ಈ ವಾರವೇ ಮಗುವನ್ನು ಇಂಪ್ಲಾಂಟ್ ಮಾಡುವ ಆಸ್ಪತ್ರೆಗೆ ಕರೆದೊಯ್ಯಲು ತಂಗಿಗೆ ಹೇಳಿ. ನಿಮ್ಮ ಆಡಿಯೋಗ್ರಾಂ ಅನ್ನೂ ಅದೇ ದಿನ ಮಾಡಿಸಿಕೊಂಡು ಬನ್ನಿ.